ಬುಧವಾರದ ಹೊಳೆ

ಬಣ್ಣದ ಮೇಸ್ತ್ರಿಗೆ ಎರಡು ವಿಷಯದಲ್ಲಿ ವಿಪರೀತ ಜಂಬ. ಒಂದು, ತಾನು ಹಾಕಿದ ನೀಲಿ ಎಷ್ಟು ಒಗೆದರೂ ಬಟ್ಟೆ ಬಿಡುವುದಿಲ್ಲ. ಇನ್ನೊಂದು, ಚರ್ಚಿನ ದೀಕ್ಷಾಸ್ನಾನದ ಬಿಳಿ ನಿಲುವಂಗಿಗಳನ್ನು ಒಗೆದು ಇಸ್ತ್ರಿ ಮಾಡುವವನು ತಾನೇ. ಇಪ್ಪತ್ತೆರಡು ವರ್ಷಗಳಲ್ಲಿ ಅವುಗಳ ಮೇಲೆ ಒಂದು ಚುಕ್ಕೆ ಕಲೆಯೂ ಬಿದ್ದಿರಲಿಲ್ಲ. ಇದನ್ನು ಕೇಳದವರನ್ನೂ ನಿಲ್ಲಿಸಿ ಹೇಳುತ್ತಿದ್ದ.

ಹೇಳದೆ ನುಂಗಿಕೊಂಡ ಸಂಗತಿಯೂ ಒಂದಿತ್ತು. ಅವನು ದುಡಿಯುತ್ತಿದ್ದ ಕಾರ್ಖಾನೆಯ ಬಣ್ಣದ ನೀರು ಚರ್ಚಿನ ಹಿಂದೆ ದೀಕ್ಷಾಸ್ನಾನಕ್ಕೆ ಮುಳುಗುವ ಹೊಳೆಗೇ ಹೋಗುತ್ತಿತ್ತು. ಅದನ್ನು ಸೋಸುವ ತೊಟ್ಟಿ ಕೆಟ್ಟು ಯಾವ ಕಾಲವಾಗಿತ್ತೋ! ದೀಕ್ಷಾಸ್ನಾನದ ಭಾನುವಾರ ಬಂತೆಂದರೆ ಮೇಸ್ತ್ರಿ ಎರಡು ದಿನ ಮೊದಲೇ ಆ ನೀರಿನ ಕೊಳವೆಯ ವಾಲ್ವ್ ಮುಚ್ಚಿಬಿಡುತ್ತಿದ್ದ. ಹೊಳೆ ತಿಳಿಯಾಗುತ್ತಿತ್ತು. ಸಭೆಯವರು ದೇವರ ಕೃಪೆ ಎನ್ನುತ್ತಿದ್ದರು, ಇವನು ಎದೆಯುಬ್ಬಿಸಿ ನಿಲ್ಲುತ್ತಿದ್ದ. ಸೋಮವಾರ ಅದೇ ಕೈ ಮತ್ತೆ ವಾಲ್ವ್ ತೆರೆಯುತ್ತಿತ್ತು.

ಆ ವರ್ಷ ಮಗಳ ಸರದಿ. ಅಪ್ಪನಿಗೆ ಊಟದ ಡಬ್ಬಿ ಕೊಟ್ಟುಬರುವವಳು ಅವಳೇ ಆದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಪಾಸ್ಟರ್ ದಿನ ಗೊತ್ತುಮಾಡಲು ಮನೆಗೆ ಬಂದಾಗ ತಣ್ಣಗೆ ಹೇಳಿದಳು: "ಭಾನುವಾರ ಬೇಡ ಪಾಸ್ಟರೇ, ಬುಧವಾರ ಇಟ್ಕೊಳ್ಳಿ."

"ಬುಧವಾರಾನಾ? ಯಾಕಮ್ಮಾ?"

"ಹೊಳೆ ದಿನಾ ಹೇಗಿರುತ್ತೋ ಅದರಲ್ಲೇ ಇಳೀತೀನಿ. ದೇವರು ಮಾಡಿದ ಹೊಳೇನ ಒಂದು ದಿನ ಮಾತ್ರ ತೊಳೆದು ದೇವರಿಗೇ ತೋರಿಸೋ ನಾಟಕ ನನಗೆ ಬೇಡ."

ಮೇಸ್ತ್ರಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಪಾಸ್ಟರ್ ಮಾತಿನ ಗುಟ್ಟು ತಿಳಿಯದೆ ಬುಧವಾರಕ್ಕೇ ಒಪ್ಪಿ ಹೊರಟ ಮೇಲೆ ಹಾರಾಡಿದ. "ಬುಧವಾರ ನೀಲಿ ಬಿಡೋ ದಿನ ಕಣೇ! ಬಿಳಿ ಅಂಗಿ ಗತಿ ಏನು? ನನ್ನ ನೀಲಿ ಜನ್ಮದಲ್ಲಿ ಹೋಗಲ್ಲ! ಬೇಕಾದ್ರೆ ಅವತ್ತೂ ಮುಚ್ತೀನಿ."

"ನನಗೋಸ್ಕರ ಮುಚ್ಚಬೇಡಪ್ಪಾ. ಮುಚ್ಚೋದಾದ್ರೆ ತೊಟ್ಟಿ ಸರಿಯಾಗೋವರೆಗೂ ಮುಚ್ಚು. ಇಲ್ಲಾಂದ್ರೆ ಬಿಡು, ನೀಲಿ ಅಂಗೀಲೇ ಮೇಲೆ ಬರ್ತೀನಿ."

ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಸೋಮವಾರ ಬೆಳಿಗ್ಗೆ ವಾಲ್ವಿನ ಚಕ್ರ ಹಿಡಿದು ನಿಂತಾಗ ಉಗುರುಗಳ ಸಂದಿಯ ನೀಲಿ ಕಣ್ಣಿಗೆ ಬಿತ್ತು. ಇದೇ ಕೈ ಜೋಡಿಸಿ ತಾನೇ ಪ್ರಾರ್ಥನೆ ಮಾಡುತ್ತಿದ್ದುದು? ನಾಚಿಕೆಯಾಯಿತು. ವಾಲ್ವ್ ಬಿಗಿಯಾಗಿ ಮುಚ್ಚಿದ. ಸ್ಪ್ಯಾನರ್ ತಂದು ಚಕ್ರವನ್ನೇ ಬಿಚ್ಚಿಕೊಂಡು ನೇರ ಯಜಮಾನರ ಕೋಣೆಗೆ ಹೋದ.

"ಮಗಳ ದೀಕ್ಷಾಸ್ನಾನ ತಾನೇ? ಮೂರು ದಿನ ಮುಚ್ಕೋ," ಎಂದರು ಯಜಮಾನರು, ಕಡತದಿಂದ ತಲೆಯೆತ್ತದೆ.

"ಮೂರು ದಿನ ಅಲ್ಲ ಸಾರ್. ತೊಟ್ಟಿ ರಿಪೇರಿ ಆಗೋವರೆಗೂ."

"ಕೆಲಸ ಬೇಡ್ವೇನಯ್ಯಾ?"

"ಬೇಕು. ಆದ್ರೆ ಈ ಕೈ ಇನ್ನು ಅದನ್ನ ತೆಗೆಯಲ್ಲ. ಬೇರೆ ಮೇಸ್ತ್ರೀನ ಹುಡುಕ್ಕೊಳ್ಳಿ. ನನ್ನ ನೀಲಿ ಅವನಿಗೆ ಬರುತ್ತಾ ಅಂತಾನೂ ಕೇಳ್ಕೊಳ್ಳಿ."

ಯಜಮಾನರು ದುರುಗುಟ್ಟಿ ನೋಡಿದರು; ಆ ನೀಲಿ ಬೇರೆಯವರಿಗೆ ಬರದೆಂದು ಅವರಿಗೂ ಗೊತ್ತಿತ್ತು. ಆಮೇಲೆ ಗೊಣಗುತ್ತಲೇ ತೊಟ್ಟಿ ರಿಪೇರಿಯವರಿಗೆ ಫೋನ್ ಮಾಡಿದರು.

ಮನೆಯಲ್ಲಿ ಮೇಸ್ತ್ರಿ ತುಟಿಪಿಟಕ್ಕೆನ್ನಲಿಲ್ಲ. ಬುಧವಾರ ದಡದಲ್ಲಿ ಬಿಳಿ ಅಂಗಿ ತೊಟ್ಟು ನಿಂತ ಮಗಳು ತಿಳಿನೀರನ್ನು ನೋಡಿದಳು. ಅವಳ ಮುಖ ಬಾಡಿತು.

"ಮುಚ್ಚಿಬಿಟ್ಯಾ ಅಪ್ಪಾ?" ಎಲ್ಲರ ಮುಂದೆಯೇ ಕೇಳಿದಳು.

ಅವನು ಚೀಲದಿಂದ ಕಬ್ಬಿಣದ ಚಕ್ರ ತೆಗೆದು ಪಾಸ್ಟರರ ಕೈಗಿಟ್ಟ. "ಇಷ್ಟು ವರ್ಷ ಹೊಳೆಗೆ ಬಣ್ಣ ಬಿಟ್ಟವನು ನಾನೇ. ಭಾನುವಾರ ಮಾತ್ರ ಮುಚ್ಚಿ ನಿಮ್ಮ ಕಣ್ಣಿಗೆ ಮಣ್ಣೆರಚಿದೆ. ಇದು ಇನ್ನು ನಿಮ್ಮ ಹತ್ರಾನೇ ಇರಲಿ. ತೊಟ್ಟಿ ಕೆಲಸ ಇವತ್ತು ಶುರುವಾಗಿದೆ."

ಮಗಳು ಅಪ್ಪನ ನೀಲಿ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ನೀರಿಗಿಳಿದಳು. ಮುಳುಗಿ ಎದ್ದಾಗ ಅಂಗಿ ಬೆಳ್ಳಗೇ ಇತ್ತು.

"ಏನು ಬಿಳುಪು ಮೇಸ್ತ್ರಿ ನಿಮ್ಮ ಅಂಗಿ!" ಎಂದರು ಪಕ್ಕದಲ್ಲಿದ್ದವರು.

"ಅಂಗಿ ಬಿಡ್ರೀ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತಾ. "ನನ್ನ ಮಗಳನ್ನ ನೋಡಿ."