ಬೆರಳು ಓದಿದ ತಪ್ಪು

ನಾಲ್ಕನೆಯ ಹಾಳೆಯನ್ನೂ ಮುದುರಿ ಬುಟ್ಟಿಗೆಸೆದು ಇಂಜಿನಿಯರ್ ತಲೆಯ ಮೇಲೆ ಕೈಹೊತ್ತು ಕೂತಳು. ಬ್ರೈಲ್ ಯಂತ್ರವೇನೋ ಟಕಟಕನೆ ಚುಕ್ಕೆ ಒತ್ತುತ್ತಿತ್ತು. ಆದರೆ ಆ ಚುಕ್ಕೆಗಳನ್ನು ಓದಲು ಬಾರದ ಅವಳು ಅದೇ ಪಾಠದ ಹಳೆಯ ಪುಸ್ತಕದ ಪುಟದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಾಲೂ ತಾಳೆಯಾಗುತ್ತಿರಲಿಲ್ಲ.

ಯಂತ್ರದ ಹಳೆಯ ಚಿಪ್ ಸುಟ್ಟುಹೋಗಿತ್ತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಅದನ್ನು ನಡೆಸುತ್ತಿದ್ದ ಪ್ರೋಗ್ರಾಂ ಅಸೆಂಬ್ಲಿಯಲ್ಲಿತ್ತು, ಆ ಚಿಪ್‌ಗೆ ಮಾತ್ರ ತಿಳಿಯುವ ಭಾಷೆಯಲ್ಲಿ. ಆರು ವಾರ ಕೂತು ಅವಳು ಅದರ ಒಂದೊಂದು ಆಜ್ಞೆಯನ್ನೂ ಹೊಸ ಚಿಪ್‌ನ ಭಾಷೆಗೆ ತಂದಿದ್ದಳು. ಶುಕ್ರವಾರದೊಳಗೆ ಕೆಲಸ ಮುಗಿಯದಿದ್ದರೆ ಮುದ್ರಣಾಲಯವನ್ನೇ ಮುಚ್ಚುತ್ತೇವೆ ಎಂದಿದ್ದರು ಮ್ಯಾನೇಜರ್. ಇವತ್ತು ಗುರುವಾರ. ಅಲ್ಲಿ ಮೂವತ್ತೊಂದು ವರ್ಷಗಳಿಂದ ಕರಡು ತಿದ್ದುತ್ತಿದ್ದವರು ಅವಳ ಸೋದರತ್ತೆ, ಹುಟ್ಟಿನಿಂದ ಕಣ್ಣು ಕಾಣದವರು.

"ಏನೇ, ಮುಖ ಊದಿಸ್ಕೊಂಡು ಕೂತಿದ್ದೀಯಾ?" ಎಂದರು ಅತ್ತೆ, ಪಕ್ಕದ ಮೇಜಿನಿಂದ.

"ಊದಿರೋದು ನಿಮಗೆ ಹೇಗೆ ಗೊತ್ತಾಯ್ತು?"

"ಅರ್ಧ ಗಂಟೆಯಿಂದ ತುಟಿಪಿಟಕ್ಕೆಂದಿಲ್ಲ. ನೀನು ಸುಮ್ನಿರೋಳಾ? ಆ ಹಾಳೆ ಕೊಡು ಇಲ್ಲಿ."

"ಅದು ತಪ್ಪಾಗಿದೆ ಅತ್ತೆ."

"ತಪ್ಪು ಓದೋದಕ್ಕೇ ತಾನೆ ನನಗೆ ಸಂಬಳ ಕೊಡೋದು!"

ಅವಳು ಬುಟ್ಟಿಯಿಂದ ಹಾಳೆ ಎತ್ತಿಕೊಟ್ಟಳು. ಅತ್ತೆ ಅದನ್ನು ಮೆಲ್ಲಗೆ ಬಿಡಿಸಿ ಬೆರಳಾಡಿಸಿದರು. ಬೆರಳು ನಿಂತಿತು, ಹಿಂದಕ್ಕೆ ಬಂತು, ಮತ್ತೆ ನಿಂತಿತು. ಅವರಿಗೆ ನಗು ಬಂತು.

"ಈ ರಮ ಯಾರೇ? ಈ ಪಾಠದಲ್ಲಿ ಅವಳು ಇಲ್ವೇ ಇಲ್ಲ."

"ಯಾವ ರಮ?"

"'ಮರದ ಮೇಲೆ' ಅಂತಿರಬೇಕಿತ್ತು. ರ ಮೊದಲು ಬಂದು ಮ ಆಮೇಲೆ ಬಂದಿದೆ. ಮುಂದಕ್ಕೂ ಅದೇ ಕತೆ. ಎರಡೆರಡು ಅಕ್ಷರ ಜಾಗ ಅದಲು ಬದಲು ಮಾಡ್ಕೊಂಡು ಕೂತಿವೆ."

"ಎರಡೆರಡಾ? ಕೊನೇತನಕ?"

"ಕೊನೇತನಕ."

ಅವಳು ಕುರ್ಚಿ ತಳ್ಳಿ ಎದ್ದುನಿಂತಳು. ಪ್ರೋಗ್ರಾಂ ಎರಡೆರಡು ಅಕ್ಷರಗಳನ್ನು ಒಟ್ಟಿಗೆ ಎತ್ತಿಕೊಳ್ಳುತ್ತಿತ್ತು. ಹಾಗೆ ಎತ್ತಿಕೊಂಡಾಗ ಹಳೆಯ ಚಿಪ್‌ನಲ್ಲಿ ಮೊದಲ ಅಕ್ಷರ ಬಲಕ್ಕೆ ಕೂರುತ್ತಿತ್ತು, ಹೊಸದರಲ್ಲಿ ಎಡಕ್ಕೆ. ಅವಳು ಮಾತ್ರ ಹಳೆಯ ಪ್ರೋಗ್ರಾಂನಲ್ಲಿದ್ದಂತೆಯೇ ಬಲಗಡೆಯದನ್ನೇ ಮೊದಲು ಒತ್ತಿಸುತ್ತಿದ್ದಳು. ಒಂದು ಆಜ್ಞೆಯೂ ತಪ್ಪಿರಲಿಲ್ಲ, ಅದಕ್ಕೇ ತಪ್ಪು ಸಿಕ್ಕಿರಲಿಲ್ಲ.

"ಅತ್ತೆ, ನೀವು ದೇವರು!"

"ದೇವರಿಗೆ ಆಮೇಲೆ ಕಾಫಿ ಕೊಡಿಸುವೆಯಂತೆ. ಮೊದಲು ಅದನ್ನ ಸರಿಮಾಡು."

ಎರಡು ಸಾಲು ತಿದ್ದಿ ಅವಳು ಗುಂಡಿ ಒತ್ತಿದಳು. ಹೊರಬಂದ ಹಾಳೆಯನ್ನು ಅತ್ತೆಯ ಮುಂದಿಟ್ಟಳು.

"ಸರಿಯಾಗಿದೆಯಾ?"

ಅತ್ತೆಯ ಬೆರಳು ಎಲ್ಲೂ ತಡೆಯದೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಕೊನೆಯ ಸಾಲು ಇನ್ನೂ ಬಾಕಿಯಿರುವಾಗಲೇ, ಮುಂದಿನ ಹಾಳೆಗಾಗಿ ಅವರು ಎಡಗೈ ಚಾಚಿದರು.