ಟಾರು ಒಣಗುವವರೆಗೆ

ಒದ್ದೆ ಕಬ್ಬಿಣದ ವಾಸನೆ. ಮಂಚೇನಹಳ್ಳಿಯ ಮನೆಯ ಕಿಟಕಿಗೆ ಇದ್ದದ್ದು ಇದೇ ವಾಸನೆ. ಅಮ್ಮ ನೀರಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದಳು. ಅವಳು ಬರುವವರೆಗೆ ಅವನು ಮಳೆಯಲ್ಲಿ ನೆನೆದ ಸರಳುಗಳನ್ನು ಎರಡು ಕೈಯಲ್ಲೂ ಹಿಡಿದು ನಿಂತಿರುತ್ತಿದ್ದ. ಪಕ್ಕದ ಮನೆಯ ಮುನಿಗಂಗಮ್ಮ ಅಳಬೇಡ ಎಂದೂ ಹೇಳದೆ, ಹೆಸರನ್ನೂ ಕರೆಯದೆ, ಸರಳುಗಳ ನಡುವೆ ಕೈ ತೂರಿಸಿ ಒಂದು ಚೂರು ಬೆಲ್ಲ ಕೊಟ್ಟು ತನ್ನ ದಾರಿ ಹಿಡಿಯುತ್ತಿದ್ದಳು. ಬೆಲ್ಲದ ರುಚಿ ವರದರಾಜನಿಗೆ ಮರೆತುಹೋಗಿತ್ತು. ಅಂಗೈಯ ವಾಸನೆ ಮರೆತಿರಲಿಲ್ಲ.

ಈಗ ಆ ವಾಸನೆ ಅವನ ಎದೆಯ ಮೇಲೆ ಸುರಿದಿತ್ತು. ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ ಅವನ ಕೈಯಲ್ಲಿನ ಸ್ಕ್ರೂಡ್ರೈವರ್ ಹಿಡಿಯವರೆಗೂ ಕಬ್ಬಿಣದೊಳಗೆ ಹೋಗಿತ್ತು.

ಅವನೇನೂ ಒತ್ತಿರಲಿಲ್ಲ. ಹಳೆಯ ಟಾರಿನ ಹಕ್ಕಳೆ ಕೆರೆಯುತ್ತಿದ್ದ, ಅಷ್ಟೇ. ಹಣ್ಣಾದ ಸೀಬೆಗೆ ಚಾಕು ಇಳಿದಂತೆ ಇಳಿದುಬಿಟ್ಟಿತು. ಎಳೆದುಕೊಂಡಾಗ ಕಂದು ನೀರು ಬಂತು. ಅದರ ಹಿಂದೆ ಒಣಗಿದ ಚಹಾಪುಡಿಯಂಥ ಚೂರುಗಳು ಉದುರಿದವು.

"ಸಾರ್, ಆ ಕಡೆ ಹೆಂಗೈತೆ?"

ಮುಂದಿನ ಚಕ್ರದ ಹತ್ತಿರ ಲಾಲ್ ಬಾಷಾ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದ. ಅವನ ಕಾಲುಗಳಷ್ಟೇ ಕಾಣುತ್ತಿದ್ದವು.

"ಪರವಾಗಿಲ್ಲ."

"ಇಲ್ಲೂ ಚೆನ್ನಾಗೈತೆ ಸಾರ್. ದೊಡ್ಡ ಯಜಮಾನ್ರು ಇದ್ದಾಗ ಬಳಿಸಿದ್ದು. ಕರ್ರಗೆ ಕಲ್ಲಿದ್ದಂಗೈತೆ."

ವರದರಾಜ ತೂತಿನಿಂದ ಒಂದು ಗೇಣು ಆಚೆಗೆ ಸ್ಕ್ರೂಡ್ರೈವರಿನ ತುದಿ ಇಟ್ಟು ಮೆಲ್ಲಗೆ ಒತ್ತಿದ. ಅಲ್ಲೂ ಇಳಿಯಿತು. ಇನ್ನೊಂದು ಕಡೆ ಒತ್ತುವ ಧೈರ್ಯ ಬರಲಿಲ್ಲ.

ಅದು ಹಿಂದಿನ ಚಕ್ರದ ಕಮಾನುಪಟ್ಟಿ, ಅಂದರೆ ಸ್ಪ್ರಿಂಗ್ ಪ್ಲೇಟು, ಚಾಸಿಗೆ ಸೇರುವ ಜಾಗ. ಗಾಡಿಯ ಮೈಯುದ್ದಕ್ಕೂ ಹೋಗುವ ಎರಡು ಕಬ್ಬಿಣದ ತೊಲೆಗಳ ಮೇಲೆ ಎಲ್ಲ ಭಾರವೂ ಕೂತಿರುತ್ತದೆ. ಆ ತೊಲೆಗಳ ಒಳಗೆ ಟೊಳ್ಳು. ಇಷ್ಟು ತಿಳಿಯಲು ಕೆಮಿಸ್ಟ್ರಿ ಎಂಎಸ್ಸಿ ಬೇಕಿರಲಿಲ್ಲ. ಆದರೆ ಅವನು ಮಾಡಿಕೊಂಡಿದ್ದ. ಶಿಡ್ಲಘಟ್ಟದ ಕಾಲೇಜಿನಲ್ಲಿ ವರ್ಷಕ್ಕೊಂದು ಸಲ ಕಪ್ಪು ಹಲಗೆಯ ಮೇಲೆ ಕಬ್ಬಿಣ, ನೀರು, ಗಾಳಿ ಎಂದು ಬರೆದು ಬಾಣದ ಗುರುತು ಹಾಕುತ್ತಿದ್ದ. ಹುಡುಗರು ಬರೆದುಕೊಳ್ಳುತ್ತಿದ್ದರು.

ಗಾಡಿ ಅವನ ಮಾವ ಪುಟ್ಟಸ್ವಾಮಯ್ಯನವರದು. ರೇಷ್ಮೆ ನೂಲು ತೆಗೆಯುವ ಫಿಲೇಚರ್ ಇಟ್ಟಿದ್ದ ಅವರು ದಿಬ್ಬೂರಹಳ್ಳಿ, ಸಾದಲಿ ಕಡೆಯಿಂದ ಗೂಡು ತರಲು ಈ ಪಿಕಪ್ ಕೊಂಡಿದ್ದರು. ಬರುವಾಗ ಗೂಡು, ಹೋಗುವಾಗ, ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳು, ಎಣ್ಣೆ ಮಿಲ್ಲಿಗೆ. ಒದ್ದೆ ಚೀಲಗಳಿಂದ ದಾರಿಯುದ್ದಕ್ಕೂ ನೀರು ಸೋರುತ್ತಿತ್ತು. ಅದಕ್ಕೇ ಮಾವ ಪ್ರತಿವರ್ಷ ಆಯುಧಪೂಜೆಗೆ ಮೊದಲು ಗಾಡಿಯ ಅಡಿಯನ್ನು ಕೆರೆಸಿ, ಸುಟ್ಟ ಆಯಿಲ್ ಬೆರೆಸಿದ ಟಾರು ಬಳಿಸುತ್ತಿದ್ದರು. ಬೇರೆಯವರು ಮುಂದಿನ ಗಾಜಿಗೆ ಕುಂಕುಮ ಹಚ್ಚಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಸುತ್ತಿದ್ದರೆ, ಮಾವ ಮಂಡಿಯೂರಿ ಕೆಳಗೆ ಬಗ್ಗಿ ನೋಡುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಒಮ್ಮೆ ಅವನೂ ಬಗ್ಗಿ ನೋಡಿದ್ದ. ತೊಲೆಗಳ ತಳದಲ್ಲಿ ಅಲ್ಲಲ್ಲಿ ಬೆರಳು ಹಿಡಿಸುವಷ್ಟು ತೂತುಗಳಿದ್ದವು. ಆ ಮನೆಯಲ್ಲಿ ಯಾರೂ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ತನಗೂ ಹೇಳಲು ಏನೋ ಇದೆ ಎಂದು ತೋರಿಸಿಕೊಳ್ಳಬೇಕಿತ್ತು. "ನೀರು, ಗಾಳಿ ಎರಡೂ ಒಳಗೆ ಹೋಗಬಾರದು ಮಾವ. ಈ ತೂತುಗಳನ್ನೂ ಮುಚ್ಚಿಸಿಬಿಡಿ" ಎಂದ. ಮಾವ ಸುತ್ತ ಇದ್ದವರನ್ನು ನೋಡಿ, "ಕೇಳಿದ್ರೇನೋ? ಸೈನ್ಸ್ ಓದಿರೋ ಅಳಿಯ ಕಣ್ರೋ ನಮ್ಮೋನು!" ಎಂದು ಹಿಗ್ಗಿದ್ದರು. ಅಂದಿನಿಂದ ಪ್ರತಿವರ್ಷವೂ ತೂತುಗಳಿಗೆ ಟಾರು ತುಂಬುತ್ತಿದ್ದರು.

ಒಳಗೆ ಹೋದ ನೀರು ಹೊರಗೆ ಹರಿಯಲೆಂದು ಬಿಟ್ಟ ತೂತುಗಳು ಅವು. ಹಲಗೆಯ ಸಂದಿಯಿಂದ ಇಳಿದ ಹುಳುವಿನ ನೀರು ಇಷ್ಟು ವರ್ಷ ತೊಲೆಯ ಹೊಟ್ಟೆಯಲ್ಲೇ ನಿಂತು ಒಳಗಿನಿಂದ ತಿಂದಿತ್ತು. ಹೊರಗೆ ಕರ್ರಗೆ, ಕಲ್ಲಿದ್ದಂತೆ.

ವರದರಾಜನಿಗೆ ನಗು ಬಂತು. ಮಲಗಿ ನಕ್ಕರೆ ಹೊಟ್ಟೆ ನೋಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಏನ್ ಸಾರ್?"

"ಏನಿಲ್ಲ. ಕಣ್ಣಿಗೆ ಧೂಳು ಬಿತ್ತು."

ತಕ್ಷಣ ಒಂದು ಒಗೆದ ಕರವಸ್ತ್ರ ಮುಂದಿನ ಚಕ್ರದ ಕಡೆಯಿಂದ ಅವನ ಕೈಗೆ ಬಂತು. ಮಡಿಕೆ ಕೂಡ ಬಿಚ್ಚಿರಲಿಲ್ಲ.

*

ಗಾಡಿಯನ್ನು ಲಾಲ್ ಬಾಷಾಗೆ ಕೊಟ್ಟುಬಿಡುವ ಯೋಚನೆ ಅವನು ಮಾಡಿದ್ದಲ್ಲ, ಬಾಯಿಂದ ಜಾರಿದ್ದು. ಮಾವ ತೀರಿಕೊಂಡ ಮೇಲೆ ಗಾಡಿ ಅಳಿಯನ ಪಾಲಿಗೆ ಬಂತು. ಅವನಿಗೆ ಓಡಿಸಲು ಬರುತ್ತಿರಲಿಲ್ಲ. ಮೊದಲಿನಿಂದಲೂ ಓಡಿಸುತ್ತಿದ್ದ ಲಾಲ್ ಬಾಷಾನೇ ಓಡಿಸಿದ. ಅಡಿಗೆ ಟಾರು ಬಳಿಯುವುದನ್ನು ಎಲ್ಲರೂ ಮರೆತರು. ಈಗ ವರದರಾಜನಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗ ಆಗಿತ್ತು. "ಗಾಡಿ ಏನ್ಮಾಡ್ತೀರಾ ಸಾರ್?" ಎಂದು ಲಾಲ್ ಬಾಷಾ ಕೇಳಿದಾಗ ಪುಸ್ತಕಗಳ ಗಂಟು ಕಟ್ಟುತ್ತಿದ್ದ ಅವನು ತಲೆಯೆತ್ತದೆ, "ನೀನೇ ಇಟ್ಕೋ" ಎಂದಿದ್ದ. ತಲೆಯೆತ್ತಿದಾಗ ಲಾಲ್ ಬಾಷಾನ ಕಣ್ಣು ತುಂಬಿತ್ತು. ಆಮೇಲೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಹೀಗೆ ಅವನು ಒಂದೇ ಮಾತಿನಲ್ಲಿ ಒಳ್ಳೆಯವನಾಗಿಬಿಟ್ಟ. ಸ್ಟಾಫ್ ರೂಮಿನಲ್ಲಿ ಕುರ್ಚಿ ಸರಿಸಿ ಜಾಗ ಕೊಟ್ಟರು. ಹೆಂಡತಿ ಕನಕಲಕ್ಷ್ಮಿ ಬಹಳ ಹೊತ್ತು ಅವನನ್ನೇ ನೋಡಿ, "ನಿಮಗೆ ಇಂಥದ್ದೆಲ್ಲ ಹೊಳೀತದೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ ಕಣ್ರೀ" ಎಂದಳು. ಊಟಕ್ಕೆ ಕೂತಾಗ ಕೇಳದೆಯೇ ಎರಡನೆಯ ಸಲ ತುಪ್ಪ ಬಡಿಸಿದಳು. ಎಷ್ಟೋ ವರ್ಷಗಳಿಂದ ಒಂದೇ ಮನೆಯಲ್ಲಿ ಬಾಡಿಗೆದಾರರಂತೆ ಇದ್ದವರು ಅವರಿಬ್ಬರು. ಆ ತುಪ್ಪದ ಮಿಳ್ಳೆ ಅವನ ತಟ್ಟೆಯ ಮೇಲೆ ಬಗ್ಗಿದಾಗ ಅವನಿಗೆ ಯಾಕೋ ಭಯವಾಯಿತು.

"ಹಂಗೇ ಕೊಡಬೇಡಿ. ಅಪ್ಪ ಮಾಡಿಸ್ತಿದ್ದ ಹಾಗೆ ಅಡಿಗೆ ಟಾರು ಬಳಿಸಿ ಕೊಡಿ" ಎಂದವಳೂ ಅವಳೇ. ನಾನೇ ಬಳಿಯುತ್ತೇನೆ ಎಂದವನು ಇವನು. ಒಳ್ಳೆಯತನದ ರುಚಿ ಹತ್ತಿತ್ತು.

ಅದಕ್ಕೇ ಈ ಭಾನುವಾರ, ಲಾಲ್ ಬಾಷಾನ ಮನೆ ಮುಂದಿನ ಖಾಲಿ ಜಾಗದಲ್ಲಿ, ಗಾಡಿಯ ಚಕ್ರಗಳನ್ನು ಸೈಜುಗಲ್ಲುಗಳ ಮೇಲೆ ಹತ್ತಿಸಿ ಈ ಕೆಲಸ. ಬೆಳಗಿನ ಟಿವಿ ಧಾರಾವಾಹಿ ಮುಗಿದು ಬೀದಿಗೆ ಜನ ಬರತೊಡಗಿದ್ದರು. ಎದುರಿನ ಟೀ ಅಂಗಡಿಯ ರಾಮಾಂಜಿನಪ್ಪ ಬಗ್ಗಿ ಇಣುಕಿದ.

"ಏಮಿ ಸಾರೂ, ಗಾಡಿ ಕೆಳಗೆ ಸೇರ್ಕೊಂಡ್ಬಿಟ್ರಿ? ಹುಡುಗ್ರು ನೋಡಿದ್ರೆ ನಾಳೆಯಿಂದ ಸಲಾಮು ಹೊಡೆಯಲ್ಲ."

"ಇವಾಗ ಮಾತ್ರ ಎಲ್ಲಿ ಹೊಡೀತಾರೆ?" ಎಂದ ವರದರಾಜ.

"ಬಿಡಿ ಸಾರ್, ಕೊಡೋ ಕೈ ಅಂದ್ರೆ ನಿಮ್ಮದು. ನಮ್ಮ ಭಾವಮೈದ ಸೈಕಲ್ ಕೇಳಿದ್ರೆ ಗಾಳಿ ಬಿಟ್ಟು ಕೊಡ್ತಾನೆ. ಏನೋ ಬಾಷಾ, ಮುಂದಿನ ಸಲ ಬಸ್ಸು ಕೇಳೋ ಸಾರನ್ನ!"

"ನಿನ್ನ ಅಂಗಡಿ ಕೊಡು ಮೊದ್ಲು" ಎಂದು ಲಾಲ್ ಬಾಷಾ ನಕ್ಕ. ರಾಮಾಂಜಿನಪ್ಪ ಎರಡು ಟೀ ತಂದು ಚಕ್ರದ ಪಕ್ಕ ಇಟ್ಟು, ನೊಣ ಬೀಳದಂತೆ ಲೋಟಗಳ ಮೇಲೆ ಕಾಗದ ಮುಚ್ಚಿ ಹೋದ.

ಹೇಳಿಬಿಡಬೇಕು ಎಂದುಕೊಂಡ ವರದರಾಜ. ಟೀ ಮುಗಿದ ಮೇಲೆ ಹೇಳುತ್ತೇನೆ.

ಹೇಳಿದರೆ ಏನಾಗುತ್ತದೆ? ವೆಲ್ಡಿಂಗ್ ನಿಲ್ಲುವಷ್ಟು ಕಬ್ಬಿಣ ಅಲ್ಲಿ ಉಳಿದಿರಲಿಲ್ಲ. ಗಾಡಿ ಗುಜರಿಗೆ ಹೋಗುತ್ತದೆ. ಲಾಲ್ ಬಾಷಾ ಇನ್ನೊಬ್ಬರ ಗಾಡಿಗೆ ಡ್ರೈವರಾಗಿ ಹೋಗುತ್ತಾನೆ. ಕನಕಲಕ್ಷ್ಮಿ, "ಓ" ಎನ್ನುತ್ತಾಳೆ. ಅಷ್ಟೇ. ಆ 'ಓ' ಅವನಿಗೆ ಈಗಲೇ ಕೇಳಿಸುತ್ತಿತ್ತು.

"ಸಾಯಂಕಾಲದೊಳಗೆ ಒಣಗ್ತದಾ ಸಾರ್?" ಎಂದ ಲಾಲ್ ಬಾಷಾ, ಟೀ ಕುಡಿಯುತ್ತ.

"ಯಾಕೆ?"

"ಮುರುಗಮಲ್ಲಕ್ಕೆ ಹೋಗಣ ಅಂತ. ಸ್ವಂತ ಗಾಡಿ ಆದ್ರೆ ಮನೆಯೋರೆಲ್ಲ ದರ್ಗಾಕ್ಕೆ ಬರ್ತೀವಿ ಅಂತ ನಮ್ಮಮ್ಮ ಯಾವತ್ತೋ ಹರಕೆ ಹೊತ್ಕೊಂಡವ್ರೆ. ಇವತ್ತೇ ಅಂತವ್ರೆ. ನಿಮ್ಮ ಹೆಸರಲ್ಲೂ ಫಾತಿಹಾ ಓದಿಸ್ತಾರಂತೆ."

"ಎಷ್ಟು ಜನ?"

"ಮನೆಯೋರೇ ಸಾರ್. ಅಕ್ಕ, ಅಕ್ಕನ ಮಕ್ಕಳು, ನಮ್ಮೋಳು, ಮಕ್ಕಳು. ಚಿಂತಾಮಣೀಲಿ ಚಿಕ್ಕಪ್ಪನೋರು ಹತ್ಕೋತಾರೆ."

ಟೀ ಮುಗಿದಿತ್ತು. ವರದರಾಜ ಲೋಟದ ತಳ ನೋಡಿದ.

"ತುಂಬ ಜನ ಹತ್ತಿಸಬೇಡ."

"ಹೂಂ ಸಾರ್."

"ನಿಧಾನವಾಗಿ ಹೋಗು. ಹಳ್ಳದಲ್ಲಿ ಇಳಿಸಬೇಡ."

"ಅಯ್ಯೋ, ನಿಮ್ಮ ಗಾಡಿ ಸಾರ್ ಇದು. ಮಗು ತರ ನೋಡ್ಕೊಂಡಿಲ್ವಾ ಇಷ್ಟು ದಿನ?"

"ನಿನ್ನ ಗಾಡಿ" ಎಂದ ವರದರಾಜ.

ಹೇಳಿದ ಹಾಗೆಯೂ ಆಯಿತು, ಹೇಳದ ಹಾಗೆಯೂ ಆಯಿತು. ಎಚ್ಚರಿಕೆ ಕೊಟ್ಟಿದ್ದೇನೆ. ಕೊಟ್ಟಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವನು ಮತ್ತೆ ಗಾಡಿಯ ಕೆಳಗೆ ಜಾರಿದ. ಅಲ್ಲಿ ತಂಪಾಗಿತ್ತು.

*

ಲಾಲ್ ಬಾಷಾ ಕಲ್ಲೊಲೆಯ ಮೇಲೆ ಡಬ್ಬಿಯಲ್ಲಿ ಟಾರು ಕರಗಿಸಿ, ಹಳೆಯ ಆಯಿಲ್ ಬೆರೆಸಿ ತಂದಿಟ್ಟ. "ಇಬ್ಬರೂ ಬಳಿಯಣ ಸಾರ್, ಬೇಗ ಆಗ್ತದೆ."

"ಹಿಂದಿನದು ನಾನು ನೋಡ್ಕೋತೀನಿ. ನೀನು ಮುಂದೆ ಮಾಡು."

"ನಿಮ್ಮ ಶರ್ಟು..."

"ಹೋಗಲಿ ಬಿಡು."

ತೂತಿನೊಳಗೆ ತುಂಬಲು ಏನಾದರೂ ಬೇಕಿತ್ತು. ಪಕ್ಕದ ಗೋಡೆಯ ಬುಡದಲ್ಲಿ, ನೂಲು ಬಿಚ್ಚುವ ರೀಲರು ಯಾರೋ ಒಣಹಾಕಿದ್ದ ರೇಷ್ಮೆ ವೇಸ್ಟಿನ ಉಂಡೆಯೊಂದು ಗಾಳಿಗೆ ಉರುಳಿ ಬಂದು ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಈ ಊರಿನಲ್ಲಿ ಅದಕ್ಕೇನೂ ಬರವಿಲ್ಲ. ಅದನ್ನು ಹಿಂಜಿ, ಟಾರಿನಲ್ಲಿ ಅದ್ದಿ, ಸ್ಕ್ರೂಡ್ರೈವರಿನ ತುದಿಯಿಂದ ಒಳಗೆ ತುರುಕಿದ. ಇನ್ನಷ್ಟು ತುರುಕಿದ. ಅದು ಎಷ್ಟು ಬೇಕಾದರೂ ಒಳಗೆ ಹೋಗುತ್ತಿತ್ತು. ಕೊನೆಗೆ ಒಳಗೆ ಏನೋ ತಡೆದಂತಾಯಿತು. ಮೇಲೆ ದಪ್ಪಗೆ ಒಂದು ಕೈ ಬಳಿದ.

ನುಣ್ಣಗೆ ಹೊಳೆಯಿತು. ಮುಟ್ಟಿದರೆ ಅಕ್ಕಪಕ್ಕದ ಕಬ್ಬಿಣಕ್ಕಿಂತ ಗಟ್ಟಿ ಎನ್ನಿಸಿತು. ತನ್ನ ಬದುಕಿನಲ್ಲಿ ಕೈಯಾರೆ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ ಎಂದು ವರದರಾಜನಿಗೆ ಹೊಳೆಯಿತು. ಅದರಿಂದ ಆದ ಸಂತೋಷ ನಿಜವಾದದ್ದೇ ಆಗಿತ್ತು. ಅದೇ ವಿಚಿತ್ರ.

ತಳದ ತೂತುಗಳು ಬಂದಾಗ ಬ್ರಷ್ ಒಂದು ಗಳಿಗೆ ನಿಂತಿತು. ಈಗ ಅವುಗಳನ್ನು ತೆರೆದಿಟ್ಟು ಫಲವೇನು? ಮುಚ್ಚಿದ. ಅಭ್ಯಾಸ.

ಲಾಲ್ ಬಾಷಾ ತನ್ನ ಕಡೆಯದನ್ನು ಮುಗಿಸಿ ಬಗ್ಗಿ ನೋಡಿದ. "ವಾಹ್ ಸಾರ್! ಶೋರೂಮಿನಿಂದ ತಂದಂಗೈತೆ. ಸಾಕು, ಈಚೆ ಬನ್ನಿ."

"ಇನ್ನೊಂದು ಕೈ ಬಳಿದುಬಿಡ್ತೀನಿ."

"ಊಟದ ಹೊತ್ತಾಯ್ತು ಸಾರ್."

"ಬರ್ತೀನಿ. ನೀನು ಹೋಗು."

ಲಾಲ್ ಬಾಷಾ ಸ್ನಾನಕ್ಕೆ ಹೋದ. ವರದರಾಜ ಹಾಗೇ ಮಲಗಿದ್ದ. ಎರಡನೆಯ ಸಲ ಬಳಿಯಲು ಏನೂ ಉಳಿದಿರಲಿಲ್ಲ. ಹೊರಗೆ ಹೋದರೆ ಮುಖ ಇಟ್ಟುಕೊಳ್ಳಬೇಕು, ಉತ್ತರ ಕೊಡಬೇಕು. ಇಲ್ಲಿ ಟಾರಿನ ವಾಸನೆಯೊಂದೇ.

ಬಾಗಿಲು ತೆರೆದ ಸದ್ದು. ಮಕ್ಕಳ ಬರಿಗಾಲುಗಳು ಓಡಿ ಬಂದವು. ಹಿಂದಿನ ಹಲಗೆ ಬಿದ್ದ ಸದ್ದು, ಒಂದರ ಹಿಂದೊಂದು ಹತ್ತಿದ ಸದ್ದು. ಸಾಯಂಕಾಲಕ್ಕೆ ಈಗಲೇ ಜಾಗ ಹಿಡಿಯುತ್ತಿದ್ದರು.

"ದಾದಿಕು ಇದರ್ ಜಾಗ! ಏ, ದಾದಿಕು ಕಿಟಕಿ ಕಡೆ!" ಎಂದಳು ಲಾಲ್ ಬಾಷಾನ ಮಗಳು ಶಮ್ಸುನ್ನೀಸಾ. ದಾದಿ ಎಂದರೆ ಅವರ ಅಜ್ಜಿ, ಲಾಲ್ ಬಾಷಾನ ತಾಯಿ ಜಾನ್ ಬೀ.

"ಹಿಂದೆ ಎಲ್ಲೇ ಕಿಟಕಿ?" ಎಂದು ಇನ್ನೊಂದು ಮಗು. ಎಲ್ಲರೂ ನಕ್ಕರು. ಯಾರೋ ಕುಣಿದರು.

ಹಲಗೆ ಕಿರುಗುಟ್ಟಿತು. ಕಮಾನುಪಟ್ಟಿ ಬಾಗಿತು. ವರದರಾಜನ ಮುಖದ ಮೇಲಿದ್ದ ತೊಲೆ ಕೂದಲೆಳೆಯಷ್ಟು ಕೆಳಗೆ ಬಂದು ಮತ್ತೆ ಮೇಲೆ ಹೋಯಿತು. ಅವನು ಬಳಿದ ಜಾಗದಲ್ಲಿ, ಇನ್ನೂ ಒಣಗದ ಟಾರಿನ ಮೇಲೆ, ಸಣ್ಣದೊಂದು ನಿರಿಗೆ ಬಿತ್ತು.

ಬಾಷಾ ಎಂದು ಕೂಗಬೇಕು. ಮಕ್ಕಳೇ ಇಳೀರಿ ಎನ್ನಬೇಕು. ಬಾಯಿ ತೆರೆದ. ಇನ್ನೊಂದು ಸಲ ಕುಣಿದರೆ ಕೂಗುತ್ತೇನೆ ಎಂದುಕೊಂಡ. ಕುಣಿದರು. ಇನ್ನೊಂದು ಸಲ.

ಚಕ್ರದ ಪಕ್ಕದ ಬೆಳಕು ಮಸುಕಾಯಿತು. ಯಾರೋ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕೂರುತ್ತಿದ್ದರು. ಮಂಡಿ ಬಗ್ಗದ ಜಾನ್ ಬೀ. ಮುಖ ಕಾಣಲಿಲ್ಲ. ಸವೆದ ಬಳೆಯ ಕೈಯೊಂದು ಎರಡು ಸೈಜುಗಲ್ಲುಗಳ ನಡುವೆ ತೂರಿ ಒಳಗೆ ಬಂತು.

ಕೈಯಲ್ಲಿ ಬಾಳೆಲೆಯ ಪೊಟ್ಟಣ. ದಾರದ ಕಟ್ಟು ನೋಡಿದರೆ ಗೊತ್ತಾಯಿತು, ಬಸ್ ಸ್ಟ್ಯಾಂಡಿನ ಸಸ್ಯಾಹಾರಿ ಹೋಟೆಲಿನದು. ಅವನ ಮನೆಯವರು ಮಾಂಸ ಮುಟ್ಟುವವರಲ್ಲವೆಂದು, ಇಷ್ಟು ವರ್ಷದಲ್ಲಿ ಒಂದು ದಿನವೂ ತಮ್ಮ ಮನೆಯಲ್ಲಿ ಉಂಡವನಲ್ಲವೆಂದು, ಅವನು ಹೇಳುವ ಮೊದಲೇ, ಅವನಿಗೆ ಮುಜುಗರವಾಗದಂತೆ, ಅಷ್ಟು ದೂರದಿಂದ ತರಿಸಿದ್ದರು. ದಾರಕ್ಕೆ ಒಂದು ಹೊಸ ಚಮಚ ಸಿಕ್ಕಿಸಿತ್ತು. ಅವನ ಕೈ ಟಾರಾಗಿರುತ್ತದೆಂದು ಯೋಚಿಸಿರಬೇಕು.

ಮೇಲೆ ಮಕ್ಕಳು ಮತ್ತೊಮ್ಮೆ ಕುಣಿದರು. ನಿರಿಗೆ ಬಾಯಿ ಬಿಟ್ಟು, ಕಂದು ಹನಿಯೊಂದು ಮೆಲ್ಲಗೆ ಮೂಡಿ, ತೂಗಾಡಿ, ಎಲೆಯ ಮೇಲೆ ಬಿತ್ತು. ಅವಳು ಕೂತಲ್ಲಿಗೆ ಅದು ಕಾಣುವಂತಿರಲಿಲ್ಲ. ಅವನು ತೆಗೆದುಕೊಳ್ಳಲಿ ಎಂದು ಕೈ ಚಾಚಿಕೊಂಡೇ ಇದ್ದಳು.