ಮುಂಗಡ ಥ್ಯಾಂಕ್ಸು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸು ಮೇಘಾಳ ಊರಿನ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲುವುದಿರಲಿ, ಕೈ ಮಾಡಿದವರ ಮುಖಕ್ಕೆ ಒಂದಿಷ್ಟು ಧೂಳು ಎರಚಿ ಇನ್ನೂ ಜೋರಾಗಿ ಓಡುತ್ತಿತ್ತು. ಹುಮನಾಬಾದಿನ ಕಾಲೇಜಿನಲ್ಲಿ ಮೇಘಾಳಿಗೆ ಸೀಟು ಸಿಕ್ಕ ವರ್ಷ ಅದು, ತೊಂಬತ್ತೇಳನೆಯ ಇಸವಿ. ಮಗಳು ದಿನಾ ಟ್ರಾಕ್ಸ್ ಜೀಪಿನ ಹಿಂದೆ ಜೋತುಬಿದ್ದು ಹೋಗುವುದನ್ನು ನೋಡಿ ನೋಡಿ ಅಪ್ಪ ತುಳಜಾರಾಮನ ತಾಳ್ಮೆ ಮುಗಿದಿತ್ತು.

"ದೀಪಾವಳಿ ತನಕ ನೋಡ್ತೀನಿ. ಬಸ್ಸ ನಿಂತ್ರ ಕಾಲೇಜು, ಇಲ್ಲಾಂದ್ರ ಮನಿ," ಎಂದುಬಿಟ್ಟ. ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಆ ಮನುಷ್ಯನಿಗೆ ಇರಲಿಲ್ಲ.

ಬಸ್ ಡಿಪೋದ ದೊಡ್ಡ ಸಾಹೇಬರ ಹತ್ತಿರ ಊರವರು ಹೋಗಿ ಕೇಳಿಯೂ ಆಗಿತ್ತು. ಸಾಹೇಬರು "ನೋಡೋಣ" ಎಂದಿದ್ದರು. ಹಾಗೆಂದ ಮೇಲೆ ಯಾವ ಸಾಹೇಬರು ನೋಡಿದ್ದಾರೆ?

ಒಂದು ಸಂಜೆ ಮೇಘಾ ಒಲೆಯ ಪಕ್ಕ ಕೂತು ಇಂಗ್ಲಿಷ್ ಪಾಠ ಗಟ್ಟಿ ಮಾಡುತ್ತಿದ್ದಳು. ಉಪಕಾರ ಸ್ಮರಿಸುವುದು ಹೇಗೆ ಎಂಬ ಪಾಠ. ಗೆಳತಿಯಾದರೆ 'ಥ್ಯಾಂಕ್ಸ್' ಸಾಕು. ದೊಡ್ಡವರಾದರೆ 'ಐ ಆ್ಯಮ್ ಎಕ್ಸ್‌ಟ್ರೀಮ್ಲಿ ಗ್ರೇಟ್‌ಫುಲ್' ಎಂದು ಉದ್ದಕ್ಕೆ ಎಳೆಯಬೇಕು. ಕೊನೆಯಲ್ಲಿ ಇನ್ನೊಂದಿತ್ತು: 'ಥ್ಯಾಂಕಿಂಗ್ ಯು ಇನ್ ಆ್ಯಂಟಿಸಿಪೇಷನ್'.

"ಅದೇನದು, ಅಷ್ಟುದ್ದಂದು?" ರೊಟ್ಟಿ ಬಡಿಯುತ್ತಿದ್ದ ಅವ್ವ ಸುಂದರಬಾಯಿ ಕೇಳಿದಳು.

"ಕೆಲಸ ಆಗೂಕಿಂತ ಮೊದ್ಲ ಹೇಳೋ ಥ್ಯಾಂಕ್ಸ್, ಅವ್ವ."

"ಮೊದ್ಲ ಹೇಳ್ತಾರಾ? ಹುಚ್ಚರೇನ ಅವರು?"

"ಮೊದ್ಲ ಹೇಳಿಬಿಟ್ರ ಆ ಮನುಷ್ಯಾಗ ಇಲ್ಲ ಅನ್ಲಾಕ ನಾಚಿಕಿ ಬರ್ತದ."

ಸುಂದರಬಾಯಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಅವರ ಮನೆಯಲ್ಲಿ ಯಾರೂ ಯಾರಿಗೂ ಉಪಕಾರ ಆಯಿತು ಎಂದವರಲ್ಲ. ಹೊರಗಿನ ದೊಡ್ಡವರಿಗಾದರೆ ಬಾಯಿಮಾತು ಸಾಲದು, ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಡಬೇಕು. ಈ ಫೇಟಾಕ್ಕೂ ಆ ಇಂಗ್ಲಿಷಿಗೂ ಅವಳ ತಲೆಯಲ್ಲಿ ಅಲ್ಲೇ ಗಂಟುಬಿತ್ತು.

ಮರುದಿನವೇ ಗಂಡನನ್ನು ಎಬ್ಬಿಸಿಕೊಂಡು ಹೋಗಿ ಸಾಹೇಬರಿಗೆ ಕೈಮುಗಿದಳು. "ಸೋಮವಾರ ಮುಂಜಾನಿ ನಮ್ಮ ಕ್ರಾಸಿಗಿ ಬರ್ರಿ ಸಾಹೇಬ್ರ. ನಿಮಗ ಊರವರ ಸತ್ಕಾರ ಅದ."

ಯಾಕೆ ಎಂದು ಸಾಹೇಬರು ಕೇಳಲಿಲ್ಲ. ಸತ್ಕಾರಕ್ಕೆ ಕಾರಣ ಕೇಳುವ ಸಾಹೇಬರು ಇನ್ನೂ ಹುಟ್ಟಬೇಕು.

ಸೋಮವಾರ ಕ್ರಾಸಿನಲ್ಲಿ ಏಕನಾಥನ ಚಹಾದ ಹೋಟೆಲಿನ ಮುಂದೆ ಕುರ್ಚಿ ಹಾಕಿ ಮೈಕು ಕಟ್ಟಿದರು. ಸಾಹೇಬರ ತಲೆಗೆ ಗುಲಾಬಿ ಫೇಟಾ, ಹೆಗಲಿಗೆ ಶಾಲು ಬಂತು. ಮೇಘಾ ಮೈಕಿನ ಮುಂದೆ ಬಂದು ನಿಂತಳು. ಇದು ಕೆಟ್ಟರೆ ಕಾಲೇಜೂ ಕೆಟ್ಟಿತು ಎಂಬುದು ಅವಳಿಗೆ ಗೊತ್ತಿತ್ತು. ಮೊದಲು ಉದ್ದನೆಯ ಇಂಗ್ಲಿಷನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಸಾಹೇಬರು ತೃಪ್ತಿಯಿಂದ ತಲೆದೂಗಿದರು. ಆಮೇಲೆ ಕನ್ನಡದಲ್ಲಿ, "ಬೆಳಗಿನ ಬಸ್ಸನ್ನು ಇಂದಿನಿಂದ ಈ ಕ್ರಾಸಿನಲ್ಲಿ ನಿಲ್ಲಿಸುತ್ತಿರುವ ಸಾಹೇಬರಿಗೆ ಊರಿನ ಹೆಣ್ಣುಮಕ್ಕಳೆಲ್ಲರ ಧನ್ಯವಾದಗಳು," ಎಂದಳು. ಚಪ್ಪಾಳೆ ಬಿತ್ತು.

ಸಾಹೇಬರು ಸುಂದರಬಾಯಿಯ ಕಡೆ ಬಾಗಿದರು. "ಅಕ್ಕಾರ, ನಾ ಯಾವಾಗ ನಿಲ್ಲಿಸ್ತೀನಿ ಅಂದೆ?"

"ಇದು ಇಂಗ್ಲಿಷಿನವರ ಪದ್ಧತಿ ರಿ. ಮೊದ್ಲ ಥ್ಯಾಂಕ್ಸ್ ಹೇಳೋದು."

ಅಷ್ಟರಲ್ಲಿ ಬಸ್ಸು ಹಾರ್ನ್ ಬಾರಿಸುತ್ತಾ ಬಂತು. ಫೇಟಾ ಸುತ್ತಿಕೊಂಡು ಕೂತ ತನ್ನ ಸಾಹೇಬರನ್ನೇ ಕಂಡು ಡ್ರೈವರ್ ಗಾಬರಿಯಿಂದ ಬ್ರೇಕ್ ಒತ್ತಿದ. ಊರೆಲ್ಲ ಸಾಹೇಬರ ಬಾಯನ್ನೇ ನೋಡುತ್ತಿತ್ತು. ಹೆಗಲ ಮೇಲೆ ಶಾಲು ಇಟ್ಟುಕೊಂಡು ಇಲ್ಲ ಎನ್ನುವುದಾದರೂ ಹೇಗೆ?

"ದಿನಾ ಇಲ್ಲಿ ನಿಲ್ಲಸ್ರಿ," ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತಾ.

ಹೀಗೆ ಕಾಲೇಜು ಉಳಿಯಿತು. ಸಂಜೆಯ ಬಸ್ಸು ಮಾತ್ರ ಮೊದಲಿನಂತೆಯೇ ಓಡುತ್ತಿತ್ತು. ಮೇಘಾ ಮುಂದಿನ ಊರಿನಲ್ಲಿ ಇಳಿದು ಜೋಳದ ಹೊಲದ ಗುಂಟ ನಡೆದು ಬರುತ್ತಿದ್ದಳು, ತುಳಜಾರಾಮ ಅರ್ಧ ದಾರಿಗೆ ಎದುರು ಬಂದು ಗೊಣಗುತ್ತಿದ್ದ. ಆದರೂ ವರ್ಷ ಕಳೆಯಿತು, ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ರಿಸಲ್ಟ್ ಬಂದ ದಿನ ಅವಳಿಗೆ ಹೃದಯ ತುಂಬಿ ಬಂತು. "ಥ್ಯಾಂಕ್ಸ್, ಅವ್ವ," ಎಂದಳು.

"ನಾ ಏನ್ ಹೊರಗಿನಾಕಿ ಆದೆನೇನ?" ಸುಂದರಬಾಯಿ ಗದರಿದಳು. "ಹೇಳೋದಿದ್ರ ಆ ಸಾಹೇಬಗ ಹೇಳು, ನಡಿ. ಪಾಪ, ಹೇಳಿದಂಗ ನಡಕೊಂಡಾನ."

ಈ ಸಲ ಅವಳ ಮನಸ್ಸಿನಲ್ಲಿ ಯಾವ ಆಟವೂ ಇರಲಿಲ್ಲ. ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು, ಹೊಸ ಶಾಲೊಂದನ್ನು ಮಡಿಸಿಕೊಂಡಳು. ತಾಯಿ ಮಗಳು ಸಾಹೇಬರ ಆಫೀಸಿನ ಬಾಗಿಲಿಗೆ ಬಂದು ನಿಂತರು.

ಶಾಲು ಕಂಡದ್ದೇ ಸಾಹೇಬರು ಕುರ್ಚಿಯಿಂದ ಎದ್ದರು.

"ಅಕ್ಕಾರ, ಅಲ್ಲೇ ನಿಂದರ್ರಿ. ಸಂಜಿ ಬಸ್ಸಿಂದು ತಾನ? ನಾಳಿಂದ ಅದೂ ನಿಲ್ತದ. ಆ ಶಾಲು ಮಾತ್ರ ಚೀಲದಾಗ ಇಡ್ರಿ."

ಮೇಘಾ, ಹಾಗಲ್ಲ ರೀ, ನಾವು ಬರೀ ಉಪಕಾರ ಹೇಳಲಿಕ್ಕೆ ಬಂದವರು ಎನ್ನಲು ಬಾಯಿ ತೆರೆದಳು. ಅವ್ವ ಅವಳ ಕಾಲನ್ನು ಮೆಲ್ಲಗೆ ತುಳಿದಳು.

ಸುಂದರಬಾಯಿ ಶಾಲನ್ನು ಚೀಲಕ್ಕೆ ಸೇರಿಸಿ, ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಇದು ಮುಂಜಾನಿ ಬಸ್ಸಿಂದು ರಿ ಸಾಹೇಬ್ರ. ಸಂಜಿದು ಆಮ್ಯಾಲ ತರ್ತೀನಿ."

ಸಾಹೇಬರು ಡಬ್ಬಿಯನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. ಮೊದಲು ಫೋನೆತ್ತಿ ಸಂಜೆಯ ಬಸ್ಸಿಗೆ ಅಪ್ಪಣೆ ಕೊಟ್ಟರು. ಡಬ್ಬಿಯ ಮುಚ್ಚಳ ತೆಗೆದದ್ದು ಆಮೇಲೆ.